ನೆರೆಯೂ ಹೊರೆಯೂ

‘ಆಟೋದವರಿಗೆ ಸ್ಲಂ ಬೋರ್ಡ್ ಕ್ವಾರ್ಟರ್ಸ್ ಅನ್ನಬೇಡಿ ಅಕ್ಕ, ನೀರಿನ ಟ್ಯಾಂಕ್ ಹತ್ತಿರ ಅನ್ನಿ’ ಎಂದಿದ್ದರು ನಮ್ಮ ಬೀದಿಯಲ್ಲಿ ಹೂ ಮಾರುವಾಕೆ. ಕ್ವಾರ್ಟರ್ಸ್ ಎಂದರೆ ಆಟೋ ಬರುವುದಿಲ್ಲವಂತೆ. ಅವರ ಅತ್ತೆ ತೀರಿಕೊಂಡ ದಿನ ಅಲ್ಲಿಗೆ ಮೊದಲ ಸಲ ಹೋದೆ.

ಮನೆ ಮೂರನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಎದುರಿಗೆ ಒಬ್ಬರು ಬಂದರೆ ಗೋಡೆಗೊರಗಿ ದಾರಿ ಬಿಡಬೇಕಾದಷ್ಟು ಕಿರಿದಾದ ಮೆಟ್ಟಿಲು. ಅಕ್ಕಪಕ್ಕದ ಹುಡುಗರು ಅಜ್ಜಿಯನ್ನು ಜಮಖಾನದಲ್ಲಿ ಮಲಗಿಸಿಕೊಂಡು, ಪ್ರತಿ ತಿರುವಿನಲ್ಲೂ ತಲೆ ಗೋಡೆಗೆ ತಗಲದಂತೆ ಅಂಗೈ ಅಡ್ಡ ಹಿಡಿದು, ಮೆಲ್ಲಗೆ ಇಳಿಸಿದರು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಎದುರುಮನೆಯಿಂದ ಅನ್ನ ಬಂತು, ಕೆಳಗಿನ ಮನೆಯಿಂದ ಸಾರು. ಮರುದಿನ ಪರೀಕ್ಷೆಯಿದ್ದ ಮೊಮ್ಮಗಳನ್ನು ಯಾರೋ ಆಗಲೇ ತಮ್ಮ ಮನೆಗೆ ಕರೆದೊಯ್ದಿದ್ದರು.

ಕೊಳಗೇರಿಗಳಿಗಾಗಿ ರಾಜ್ಯದಲ್ಲಿ ಕಾನೂನು ಬಂದದ್ದು 1973ರಲ್ಲಿ. ಅದರಡಿ ಹುಟ್ಟಿದ ಮಂಡಳಿಯ ಹೆಸರಿನಲ್ಲಿದ್ದ ‘ನಿರ್ಮೂಲನ’ ಹೋಗಿ ಈಗ ‘ಅಭಿವೃದ್ಧಿ’ ಬಂದಿದೆ. ಆದರೆ ಗುಡಿಸಲು ಹೋಗಿ ಕಾಂಕ್ರೀಟ್ ಮನೆ ಬಂದರೂ ಅಲ್ಲಿನವರ ವಿಳಾಸಕ್ಕೆ ಅಂಟಿದ ‘ಸ್ಲಂ’ ಮಾತ್ರ ಬಿಟ್ಟಿಲ್ಲ.

ಆ ಹೆಸರೇ ನಮ್ಮ ಕಣ್ಣಿಗೆ ಪೊರೆಯಾಗುತ್ತದೆ. ಬೆಂಗಳೂರಿನ ಈಜಿಪುರದಲ್ಲಿ ಬಡವರಿಗೆಂದು ಪಾಲಿಕೆ ಕಟ್ಟಿದ ಕ್ವಾರ್ಟರ್ಸ್ ಇತ್ತು. ಶಿಥಿಲವಾದ ಕಟ್ಟಡಗಳನ್ನು ಕೆಡವಿದ ಮೇಲೂ ಜನ ತಗಡಿನ ಶೆಡ್ ಹಾಕಿಕೊಂಡು ಅಲ್ಲೇ ಉಳಿದಿದ್ದರು. 2013ರ ಜನವರಿಯಲ್ಲಿ, ಚಳಿಯಲ್ಲಿ, ಬುಲ್ಡೋಜರ್‌ಗಳು ಅವನ್ನೂ ನೆಲಸಮ ಮಾಡಿದವು. ಸಾವಿರಕ್ಕೂ ಹೆಚ್ಚು ಕುಟುಂಬಗಳು ಬೀದಿಗೆ ಬಿದ್ದವು. ಎಷ್ಟೋ ಮಂದಿ ತಿಂಗಳುಗಟ್ಟಲೆ ಅಲ್ಲಿನ ಫುಟ್‌ಪಾತ್ ಮೇಲೇ ಕಳೆದರು. ಹೊರಗಿನವರಿಗೆ ಅದು ಹಟವಾಗಿ ಕಂಡೀತು. ಆದರೆ ನಡೆದು ಹೋಗಿಬರುವಷ್ಟು ಹತ್ತಿರದ ಮನೆಗೆಲಸ, ಸಾಲಕ್ಕೆ ಅಕ್ಕಿ ಕೊಡುವ ಅಂಗಡಿ, ಮಗುವನ್ನು ನಂಬಿ ಬಿಟ್ಟುಹೋಗುವ ಪಕ್ಕದ ಮನೆ ಎಲ್ಲವೂ ಒಮ್ಮೆಗೇ ಕೈತಪ್ಪಿದರೆ ಬಡವರ ಪಾಲಿಗೆ ಇನ್ನೇನು ಉಳಿಯುತ್ತದೆ?

‘ನೆರೆಹೊರೆ’ ಎಂದಾಗಲೆಲ್ಲ ಈಗ ನನಗೆ ಆ ಮೆಟ್ಟಿಲು ನೆನಪಾಗುತ್ತದೆ. ಅಲ್ಲಿ ಒಬ್ಬರ ಹೊರೆಗೆ ನೆರೆಯವರೆಲ್ಲ ಹೆಗಲು ಕೊಟ್ಟಿದ್ದರು. ಬಡವರಿಗೆ ಹೊಸ ಮನೆ ಹಂಚುವಾಗ ಲಾಟರಿ ಎತ್ತಿ ಒಬ್ಬೊಬ್ಬರನ್ನು ಒಂದೊಂದು ದಿಕ್ಕಿಗೆ ಎಸೆಯುವುದು ಬೇಡ. ಒಂದೇ ಮೆಟ್ಟಿಲು ಹತ್ತಿಳಿದವರನ್ನು ಹೊಸ ಜಾಗದಲ್ಲೂ ಒಂದೇ ಮೆಟ್ಟಿಲಿನ ಸುತ್ತ ಇರಲು ಬಿಡೋಣ.