ನೆರಳಿನಲ್ಲೊಂದು ಗಿಡ: ಶ್ರಾವಕನ ವಿವೇಕ

ಮದ್ದೂರು ತಾಲ್ಲೂಕಿನ ಭಾರತೀನಗರ ಜನರ ಬಾಯಲ್ಲಿ ಇಂದಿಗೂ ಕೆ.ಎಂ. ದೊಡ್ಡಿ. ಅಲ್ಲಿನ ಗೃಹಸ್ಥನೊಬ್ಬ ಹಿತ್ತಿಲ ಮಾವಿನ ನೆರಳಿನಲ್ಲಿ ಗಿಡವೊಂದನ್ನು ನೆಡಬಯಸುತ್ತಾನೆಂದು ಭಾವಿಸೋಣ. ನಂದಿಬಟ್ಟಲೋ, ಜರೀಗಿಡವೋ? ಮೊದಲನೆಯದು ಹೂ ಕೊಡುತ್ತದೆ. ಎರಡನೆಯದು ಹೂವೂ ಬೀಜವೂ ಇಲ್ಲದೆ, ಎಲೆಯ ಹಿಂಬದಿಯ ಬೀಜಾಣುಗಳಿಂದಲೇ ವಂಶ ಬೆಳೆಸುತ್ತದೆ. ಈ ಆಯ್ಕೆಗೂ ಧರ್ಮಕ್ಕೂ ಏನು ಸಂಬಂಧವೆಂದು ಕೇಳಬಹುದು.

ಸಂಬಂಧವಿದೆ. ಜೈನದರ್ಶನದಲ್ಲಿ ಸಸ್ಯವು ಏಕೇಂದ್ರಿಯ ಜೀವ; ಮಣ್ಣು, ನೀರುಗಳೂ ಸ್ಥಾವರ ಜೀವಗಳ ಕಾಯವೇ. ಸ್ಥಾವರಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ಬಿಡಲಾರ. ಆದುದರಿಂದಲೇ ಅವನಿಗೆ ಅಣುವ್ರತ. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳುವಾಗ ಪ್ರಮಾದಚರ್ಯೆಯನ್ನೂ ಎಣಿಸಿದ್ದಾರೆ. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಸಸ್ಯ ಕಡಿಯುವುದು ಇದರಲ್ಲಿ ಸೇರುತ್ತವೆ.

ಮೇಲ್ನೋಟಕ್ಕೆ ಜರೀಗಿಡವೇ ನಿರ್ದೋಷಿ. ಅದರಿಂದ ಹೂ ಕೀಳುವವರಿಲ್ಲ. ಆದರೆ ಅದು ಮಲೆನಾಡಿನ ತೇವದಲ್ಲಿ ಸುಖವಾಗಿರುವ ಗಿಡ. ಮಂಡ್ಯದ ಬಯಲಿನ ಬೇಸಿಗೆಯಲ್ಲಿ ಅದಕ್ಕೆ ದಿನವೂ ನೀರುಣಿಸಬೇಕು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಅಂತಹ ವರ್ಷದಲ್ಲಿ ಅಲಂಕಾರಕ್ಕೆ ಸುರಿದ ಕೊಡ ನೀರು ಪ್ರಮಾದವಲ್ಲದೆ ಮತ್ತೇನು?

ನಂದಿಬಟ್ಟಲು ಬೇರೂರಿದ ಮೇಲೆ ಅಷ್ಟು ನೀರು ಬೇಡದು. ಅದರ ದೋಷ ಬೇರೆ. ದಟ್ಟ ನೆರಳಿನಲ್ಲಿ ಹೂ ಕಡಿಮೆ. ಆಗ ಗೃಹಸ್ಥನು ಮಾವಿನ ಕೊಂಬೆಗೆ ಕೊಡಲಿ ಎತ್ತುತ್ತಾನೆ. ಎಲೆಗೆ ಹುಳು ಬಿದ್ದರೆ ಔಷಧಿ ಹೊಡೆಯುತ್ತಾನೆ, ಸಾಯುವವು ತ್ರಸಜೀವಗಳು. ಹೂವು ಪೂಜೆಗೆಂಬ ಸಮಾಧಾನವೂ ಇದನ್ನು ತೊಳೆಯದು. ದಿಗಂಬರರಲ್ಲೇ ಬೀಸಪಂಥದವರು ಹೂವನ್ನು ಅರ್ಪಿಸುತ್ತಾರೆ, ತೇರಾಪಂಥದವರು ಅರ್ಪಿಸುವುದಿಲ್ಲ. ಭಕ್ತಿ ಎರಡು ಕಡೆಯೂ ಇದೆ.

ಆದಕಾರಣ ನಿರ್ಣಯವು ಗಿಡದ ಹೆಸರಿನಲ್ಲಿಲ್ಲ, ನೆಲದಲ್ಲಿದೆ. ಕೆಲವು ಗಂಟೆ ಬಿಸಿಲು ಇಣುಕುವೆಡೆ ಮಳೆಗಾಲದ ಆರಂಭದಲ್ಲಿ ನಂದಿಬಟ್ಟಲು ನೆಟ್ಟು, ಔಷಧಿ ಹೊಡೆಯದೆ, ಬೇಕಾದಷ್ಟೇ ಹೂವನ್ನು ಹುಳುವಿಲ್ಲವೆಂದು ನೋಡಿ ಬಿಡಿಸಬಹುದು. ಸೊಪ್ಪು ತೊಳೆದ ನೀರು ಹೇಗೂ ಹರಿಯುವ ಗಾಢ ನೆರಳಿನ ಮೂಲೆಗೆ ಜರೀಗಿಡವೇ ಸರಿ. ಎರಡೂ ಒಗ್ಗದ ನೆಲವನ್ನು ಉದುರಿದ ತರಗೆಲೆಗೇ ಬಿಡುವುದು ಸೋಲಲ್ಲ.

ಜಾಣ ವರ್ತಕನು ಸರಕಿನ ಬೆಲೆಯೊಡನೆ ಅದನ್ನು ಇಟ್ಟುಕೊಳ್ಳುವ ಖರ್ಚನ್ನೂ ಲೆಕ್ಕ ಹಾಕುತ್ತಾನೆ. ಶ್ರಾವಕನು ಕೇಳಿಕೊಳ್ಳಬೇಕಾದುದು ಇನ್ನೊಂದಿದೆ: ಆ ಖರ್ಚನ್ನು ತೆರುವ ಜೀವ ಯಾವುದು?