ಇಂದಿನ ಧಮ್ಮ ಚಿಂತನೆ: ಅಲುಗದ ಮುಳ್ಳು



ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದಲ್ಲಿ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ಕಡಲಿಗಿಳಿಯುವವರ ವಿಡಿಯೊ ನೀವೂ ನೋಡಿರಬಹುದು. ತುಂಬಿದ ಸಿಲಿಂಡರಿನಲ್ಲಿ ಸಾಮಾನ್ಯವಾಗಿ 200 ಬಾರ್ ಒತ್ತಡದ ಗಾಳಿ. ಎಷ್ಟು ಉಳಿದಿದೆ ಎಂದು ಹೇಳಲು ಒಂದು ಗೇಜು. ನಮ್ಮ ಬೆಳಗೋಡು ಕಡೆ ಕಾಫಿಗೆ ಬೋರ್ಡೋ ಹೊಡೆಯುವ ಸ್ಪ್ರೇಯರಿಗೂ ಅಂಥದೇ ಗೇಜು ಇರುತ್ತದೆ. ಅದು ಕೆಟ್ಟರೆ ಔಷಧಿ ಸರಿಯಾಗಿ ಬೀಳದು, ಅಷ್ಟೆ. ಕಡಲಡಿಯಲ್ಲಿ ಕೆಟ್ಟರೆ ಜೀವದ ಮಾತು. 10 ಮೀಟರ್ ಆಳದಲ್ಲಿ ಪ್ರತಿ ಉಸಿರಿಗೂ ಮೇಲಿನ ಎರಡರಷ್ಟು ಗಾಳಿ ಖರ್ಚು, 20 ಮೀಟರಿನಲ್ಲಿ ಮೂರರಷ್ಟು.

ಉಪ್ಪುನೀರು ಒಳಹೊಕ್ಕರೆ ತುಕ್ಕು ಹಿಡಿದು ಮುಳ್ಳು ಸಿಕ್ಕಿಕೊಳ್ಳುತ್ತದೆ. ಇರುವುದಕ್ಕಿಂತ ಕಡಿಮೆ ತೋರಿಸುವ ಗೇಜಿನಿಂದ ದೊಡ್ಡ ನಷ್ಟವಿಲ್ಲ, ಬೇಗ ಮೇಲೆ ಬರುತ್ತೀರಿ. ಗಾಳಿ ತೀರುತ್ತಿದ್ದರೂ ತುಂಬಿದೆ ಎನ್ನುವ ಗೇಜು ಕೊಲ್ಲುತ್ತದೆ. ಅದಕ್ಕೇ ತಿಳಿದವರು ಪರೀಕ್ಷಿಸುತ್ತಾರೆ: ಸಿಲಿಂಡರ್ ತೆರೆಯುವ ಮುಂಚೆ ಮುಳ್ಳು ಸೊನ್ನೆಯಲ್ಲಿರಬೇಕು, ತೆರೆದಾಗ ಏರಬೇಕು, ನೀರಿನಲ್ಲಿ ಹೊತ್ತು ಹೋದಂತೆ ಇಳಿಯಬೇಕು. ಇಳಿಯದಿದ್ದರೆ, ಗಾಳಿ ಬೇಕಾದಷ್ಟಿದೆ ಎಂದು ಹಿಗ್ಗುವುದಿಲ್ಲ. ಜೊತೆಗಾರನಿಗೆ ಸನ್ನೆ ಮಾಡಿ ಇಬ್ಬರೂ ಮೇಲೆ ಬರುತ್ತಾರೆ.

ಜಾತಿಯೂ ಇಂಥದೇ ಗೇಜು. ಒಬ್ಬ ಕುಡಿದು ಹೆಂಡತಿಗೆ ಹೊಡೆದರೂ ಅವನ ‘ಮೇಲು’ ಇಳಿಯದು. ಒಬ್ಬಾಕೆ ಜೀವಮಾನವಿಡೀ ಸುಳ್ಳಾಡದೆ ದುಡಿದರೂ ಅವಳ ‘ಕೀಳು’ ಏರದು. ನಡತೆಗೆ ಅಲುಗದ ಮುಳ್ಳು ಅಳೆಯುತ್ತಿರುವುದಾದರೂ ಏನನ್ನು? ತಮ್ಮನ್ನು ‘ವಸಲ’ ಎಂದು ಬೈದ ಬ್ರಾಹ್ಮಣ ಅಗ್ಗಿಕ ಭಾರದ್ವಾಜನಿಗೆ ಭಗವಾನ್ ಬುದ್ಧರು ಕೇಳಿಸಿದ್ದು ಇದನ್ನೇ. ಮನುಷ್ಯ ಹೊಲೆಯನಾಗುವುದೂ ಬ್ರಾಹ್ಮಣನಾಗುವುದೂ ಹುಟ್ಟಿನಿಂದಲ್ಲ, ಮಾಡುವ ಕೆಲಸದಿಂದ ಎಂದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರೊಂದಿಗೆ ಆ ಗೇಜನ್ನು ಕಳಚಿ ಎಸೆದರು.

ಎಸೆದ ಮೇಲೆ ನಮ್ಮ ಕೈಗೆ ಬಂದ ಗೇಜು ಪಂಚಶೀಲ. ಇದರ ಮುಳ್ಳು ಅಲುಗುತ್ತದೆ, ದಿನಾ ಅಲುಗುತ್ತದೆ. ಆದರೆ ‘ನಾವು ದೀಕ್ಷೆ ತಗೊಂಡಾಯ್ತಲ್ಲ, 22 ಪ್ರತಿಜ್ಞೆ ಗೋಡೆ ಮೇಲಿದೆಯಲ್ಲ’ ಎನ್ನುವವರಿದ್ದಾರೆ. ಸಂಬಳದ ದಿನ ಸಾರಾಯಿ ಅಂಗಡಿ ಮುಂದೆ ನಿಂತಾಗಲೂ ಅವರ ಗೇಜು ‘ತುಂಬಿದೆ’ ಎಂದೇ ತೋರಿಸುತ್ತದೆ. ಜಾತಿಯ ಗೇಜಿಗೂ ಇದಕ್ಕೂ ಏನು ವ್ಯತ್ಯಾಸವೋ ಕಾಣೆ! ಕಾಲಾಮರಿಗೆ ಬುದ್ಧರು ಪರೀಕ್ಷಿಸಿ ನೋಡಿ ಎಂದದ್ದು ಬೇರೆಯವರ ಮಾತನ್ನಷ್ಟೇ ಅಲ್ಲ.

ಕಡಲಿನಲ್ಲಿ ಜೊತೆಗಾರ ಇದ್ದಂತೆ ಧಮ್ಮದಲ್ಲಿ ಕಲ್ಯಾಣಮಿತ್ರ. ದೂರ ಹುಡುಕಬೇಕಿಲ್ಲ. ಇಂದು ಸಂಜೆ ವಂದನೆ ಮುಗಿದ ಮೇಲೆ, ಈ ವಾರ ನನ್ನ ಯಾವ ಶೀಲ ಇಳಿಯಿತು ಎಂದು ಮನೆಯಾಕೆಯನ್ನು ಕೇಳಿ. ಆಕೆ ಸುಮ್ಮನಿದ್ದರೆ ಮಕ್ಕಳು ಹೇಳುತ್ತಾರೆ.

ಭವತು ಸಬ್ಬ ಮಂಗಲಂ. ಜೈಭೀಮ್.