ಶೌಕ್, ಶೋಕಿ ಮತ್ತು ಒಂದು ಸರಪಳಿ ಸ್ಟೇರಿಂಗ್

ಉರ್ದುವನ್ನೂ ಕನ್ನಡವನ್ನೂ ಶಾಲೆಯಲ್ಲಿ ಓದಿದವರಿಗೆ ಕೆಲವು ಪದಗಳು ಜೀವನಪೂರ್ತಿ ತೊಂದರೆ ಕೊಡುತ್ತವೆ. ಅಂಥದ್ದೊಂದು ಪದ 'ಶೌಕ್'. ಉರ್ದುವಿನಲ್ಲಿ ಅದು ಒಳಗಿನ ತುಡಿತ. ಓದುವ ಶೌಕ್, ಹಾಡುವ ಶೌಕ್, ಪಾರಿವಾಳ ಸಾಕುವ ಶೌಕ್. ಒಬ್ಬನನ್ನು 'ಶೌಕೀನ್' ಎಂದು ಕರೆಯುವಾಗ ದನಿಯಲ್ಲಿ ಒಂದಿಷ್ಟು ಮೆಚ್ಚುಗೆಯೇ ಇರುತ್ತದೆ. ಅದೇ ಪದ ಕನ್ನಡದ ಬೀದಿಗೆ ಬಂದು 'ಶೋಕಿ'ಯಾದಾಗ ಮೆಚ್ಚುಗೆ ಉದುರಿಹೋಗಿ ಗೇಲಿ ಸೇರಿಕೊಂಡಿತು. 'ಶೋಕಿಲಾಲ' ಎಂದರೆ ಮನೆಯಲ್ಲಿ ಅಕ್ಕಿ ಇಲ್ಲದಿದ್ದರೂ ಕಣ್ಣಿಗೆ ಕೂಲಿಂಗ್ ಗ್ಲಾಸ್ ಏರಿಸಿದವನು. ಒಂದೇ ಬೇರಿನ ಈ ಎರಡು ಪದಗಳ ನಡುವಿನ ಗೆರೆ ಎಲ್ಲಿದೆ? ಯಾವುದು ಗೌರವಿಸಬೇಕಾದ ಆಸೆ, ಯಾವುದು ಬರೀ ಮೆರೆದಾಟ? ಇದನ್ನು ಗಾಳಿಯಲ್ಲಿ ಚರ್ಚಿಸುವ ಬದಲು ಕೈಗೆ ಸಿಗುವ ಒಂದು ವಸ್ತುವನ್ನು ಮುಂದಿಟ್ಟುಕೊಂಡು ನೋಡೋಣ. ಆ ವಸ್ತು, ಕಬ್ಬಿಣದ ಸರಪಳಿಯನ್ನು ವೆಲ್ಡಿಂಗ್ ಮಾಡಿ ವ್ಯಾನಿಗೆ ಕೂರಿಸಿಕೊಂಡ ಸ್ಟೇರಿಂಗ್.

ಇದು ಹುಟ್ಟಿ ಮೆರೆದದ್ದು ಅಮೆರಿಕದಲ್ಲಿ. ಫೋರ್ಡ್ ಕಂಪನಿಯ ಇಕಾನೊಲೈನ್ ವ್ಯಾನು 1961ರ ಮಾದರಿಯಾಗಿ, ಡಾಡ್ಜ್ ಕಂಪನಿಯ ಎ-100 ವ್ಯಾನು 1964ರ ಮಾದರಿಯಾಗಿ ಮಾರುಕಟ್ಟೆಗೆ ಬಂದವು. ನಲ್ಲಿ ರಿಪೇರಿಯವರು, ಬಡಗಿಗಳು, ಅಂಗಡಿಯವರು ಸಾಮಾನು ಸಾಗಿಸಲೆಂದು ಮಾಡಿದ ಬರಿಯ ತಗಡಿನ ಡಬ್ಬಿಗಳು ಅವು. ಹಳೆಯದಾಗಿ ಅಗ್ಗಕ್ಕೆ ಸಿಗತೊಡಗಿದಾಗ ಹುಡುಗರು ಕೊಂಡರು. ಒಳಗೆ ರತ್ನಗಂಬಳಿ ಹಾಸಿದರು, ಹಾಸಿಗೆ ಮಾಡಿಕೊಂಡರು, ಹೊರಮೈಯಲ್ಲಿ ಬೆಟ್ಟ, ಸಮುದ್ರ, ಸೂರ್ಯಾಸ್ತ ಬರೆಸಿದರು. 1970ರ ದಶಕದಲ್ಲಿ ಇದೊಂದು ದೊಡ್ಡ ಹುಚ್ಚೇ ಆಯಿತು. ಇದರ ಪಕ್ಕದಲ್ಲೇ ಇನ್ನೊಂದು ಲೋಕವಿತ್ತು. ಕ್ಯಾಲಿಫೋರ್ನಿಯಾದ ಮೆಕ್ಸಿಕನ್ ಮೂಲದ ಯುವಕರು ಹಳೆಯ ಕಾರುಗಳನ್ನು ನೆಲಕ್ಕೆ ತಾಗುವಷ್ಟು ತಗ್ಗಿಸಿ, ಪೂರ್ವ ಲಾಸ್ ಏಂಜಲಿಸ್‌ನ ವಿಟಿಯರ್ ಬುಲೆವಾರ್ಡ್ ಎಂಬ ರಸ್ತೆಯಲ್ಲಿ ಮೆಲ್ಲಗೆ, ಎಲ್ಲರೂ ನೋಡಲೆಂದೇ ಓಡಿಸುತ್ತಿದ್ದರು. ಅವನ್ನು ಲೋರೈಡರ್ ಎನ್ನುತ್ತಾರೆ. ಕಂಪನಿಯ ಸ್ಟೇರಿಂಗ್ ಕಿತ್ತು, ಅದರ ಜಾಗದಲ್ಲಿ ಹೊಳೆಯುವ ಸಣ್ಣ ಸರಪಳಿ ಚಕ್ರ ಹಾಕುವುದು ಈ ಜನರಿಗೆ ಪ್ರಿಯವಾದ ಅಲಂಕಾರವಾಗಿತ್ತು.

ಇದನ್ನು ಹುಡುಗಾಟವೆಂದು ತಳ್ಳಿಹಾಕುವುದು ಸುಲಭ. ಆದರೆ ಒಂದು ಮಾತು ಯೋಚಿಸಬೇಕು. ಕಾರ್ಖಾನೆಯಿಂದ ಬಂದ ವ್ಯಾನು ಸಾವಿರಾರು ವ್ಯಾನುಗಳಂತೆಯೇ ಇರುತ್ತದೆ. ಅದರಲ್ಲಿ ಕೊಂಡವನ ಹೆಸರಿಲ್ಲ, ಅವನ ಕೈಯ ಗುರುತಿಲ್ಲ. ಹೊಸ ಕಾರು ಕೊಳ್ಳಲಾಗದವನು, ಸ್ವಂತ ಮನೆ ಇಲ್ಲದವನು, ದಿನವಿಡೀ ಇನ್ನೊಬ್ಬರ ಕೆಲಸ ಮಾಡುವವನು 'ಇದು ನನ್ನದು' ಎಂದು ಹೇಳಿಕೊಳ್ಳಲು ಉಳಿದ ಜಾಗ ಎಷ್ಟು? ನಮ್ಮ ಲಾರಿ ಡ್ರೈವರುಗಳು ಸ್ಟೇರಿಂಗಿಗೆ ಬಣ್ಣದ ವೈರು ಸುತ್ತುವುದು, ಬಾಡಿಯ ಹಿಂದೆ ಮಕ್ಕಳ ಹೆಸರು ಬರೆಸುವುದು ಇದೇ ಕಾರಣಕ್ಕೆ. ಬಂಗಲೆಗೆ ಇಟಲಿಯ ಕಲ್ಲು ಹಾಸಿದವನದು ಅಭಿರುಚಿ, ಲಾರಿಗೆ ಬಣ್ಣ ಹೊಡೆಸಿದವನದು ಶೋಕಿ ಎನ್ನುವ ನಾಲಿಗೆ ನ್ಯಾಯದ ನಾಲಿಗೆಯಲ್ಲ. 'ಜಿಪ್ಸಿ ರೋಸ್' ಎಂಬ ಗುಲಾಬಿ ಚಿತ್ತಾರದ 1964ರ ಷೆವರ್ಲೆ ಇಂಪಾಲಾ ಕಾರನ್ನು 2017ರಲ್ಲಿ ವಾಷಿಂಗ್ಟನ್ನಿನ ನಡುಮಧ್ಯೆ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಐತಿಹಾಸಿಕ ವಾಹನಗಳ ಪಟ್ಟಿಗೆ ಸೇರಿಸಿದರು. ಒಂದು ಕಾಲಕ್ಕೆ ಪೊಲೀಸರು ಅನುಮಾನದಿಂದ ನೋಡುತ್ತಿದ್ದ ಬಗೆಯ ಕಾರು ಅದು.

ಹಾಗಾದರೆ ಸರಪಳಿ ಸ್ಟೇರಿಂಗನ್ನೂ ಶೌಕ್ ಎಂದು ಒಪ್ಪಿಬಿಡೋಣವೇ? ಅದಕ್ಕೆ ಮೊದಲು ಅದನ್ನು ಮಾಡುವ ರೀತಿ ತಿಳಿಯಬೇಕು.

ಹನ್ನೆರಡು ಇಂಚು ಅಗಲದ ಚಕ್ರಕ್ಕೆ ಸುಮಾರು 38 ಇಂಚು ಸರಪಳಿ ಬೇಕು. ಮೂರೆಂಟಾಂಶ ಇಂಚು ದಪ್ಪದ ಸರಪಳಿಯಾದರೆ ಮೂವತ್ತರಷ್ಟು ಕೊಂಡಿಗಳಾಗುತ್ತವೆ. ಒಂದು ಕೊಂಡಿ ಮಲಗಿದರೆ ಮುಂದಿನದು ನಿಂತಿರುತ್ತದೆ. ಆದ್ದರಿಂದ ಕೊಂಡಿಗಳ ಸಂಖ್ಯೆ ಸಮ ಸಂಖ್ಯೆಯೇ ಆಗಿರಬೇಕು, ಬೆಸವಾದರೆ ಕೊನೆಯಲ್ಲಿ ಚಿತ್ತಾರ ಕೂಡುವುದಿಲ್ಲ. ಸರಪಳಿಯನ್ನು ಹಲಗೆಯ ಮೇಲೆ ದುಂಡಗೆ ಬಿಗಿಹಿಡಿದು ಮೊದಲು ಪ್ರತಿ ಸಂದಿಗೂ ಸಣ್ಣ ಟ್ಯಾಕ್ ಹಾಕುತ್ತಾರೆ. ಚಕ್ರ ಸೊಟ್ಟಗಿಲ್ಲವೆಂದು ಖಾತ್ರಿಯಾದ ಮೇಲೆ, ಒಂದೇ ಕಡೆ ಕಾಯಿಸಿದರೆ ಎಳೆದುಕೊಳ್ಳುತ್ತದೆಂದು, ಎದುರುಬದುರು ಸಂದಿಗಳನ್ನು ಒಂದಾದ ಮೇಲೊಂದು ಪೂರ್ತಿ ಬೆಸೆಯುತ್ತಾರೆ. ಸರಪಳಿ ಜಿ.ಐ. ಆಗಿದ್ದರೆ ಮೇಲಿನ ಸತುವಿನ ಲೇಪವನ್ನು ಮೊದಲೇ ತೆಗೆಯಬೇಕು. ಇಲ್ಲವಾದರೆ ಆ ಹೊಗೆ ಕುಡಿದ ಮೇಸ್ತ್ರಿಗೆ ರಾತ್ರಿ ಚಳಿಜ್ವರ ಬರುತ್ತದೆ. ಭಾರ ಎತ್ತಲೆಂದು ಹದಗೊಳಿಸಿದ ಗಟ್ಟಿ ಉಕ್ಕಿನ ಸರಪಳಿಯಂತೂ ಇದಕ್ಕೆ ಬಾರದು, ವೆಲ್ಡಿಂಗಿನ ಶಾಖಕ್ಕೆ ಅದರ ಹದ ಕೆಡುತ್ತದೆ. ಕೊನೆಗೆ ಚಕ್ರಕ್ಕೆ ಕಡ್ಡಿಗಳನ್ನು, ಕಡ್ಡಿಗಳಿಗೆ ನಡುವಿನ ಹಬ್ಬನ್ನು ಬೆಸೆದು, ಗ್ರೈಂಡರಿನಿಂದ ನುಣುಪು ಮಾಡಿ, ಕ್ರೋಮ್ ಲೇಪ ಹಾಕಿಸುತ್ತಾರೆ.

ಈಗ ಪ್ರಶ್ನೆ ಎದುರಾಗುತ್ತದೆ. ಲೋಹ ಒಳಗಿನವರೆಗೆ ಕರಗಿ ಒಂದಾದ ಬೆಸುಗೆಗೂ, ಮೇಲೆ ಮೇಲೆ ಅಂಟಿದ ಬೆಸುಗೆಗೂ ಗ್ರೈಂಡರ್ ಹೊಡೆದು ಕ್ರೋಮ್ ಹಾಕಿದ ಮೇಲೆ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ವ್ಯಾನಿನ ಮಾಲೀಕನಿಗೆ ಕಾಣುವುದಿಲ್ಲ, ರಸ್ತೆಯಲ್ಲಿ ತಡೆದು ನಿಲ್ಲಿಸಿದ ಇನ್ಸ್‌ಪೆಕ್ಟರಿಗೂ ಕಾಣುವುದಿಲ್ಲ. ಗೊತ್ತಿರುವುದು ರಾಡು ಹಿಡಿದ ಕೈಗೆ ಮಾತ್ರ. ಕೊಂಡಿಗಳ ನಡುವೆ ಒಂದು ಬೆಸುಗೆ ಬಿಟ್ಟರೂ ಕೊಂಡಿ ಕೊಂಡಿಗೆ ಸಿಕ್ಕಿಕೊಂಡಿರುವುದರಿಂದ ಚಕ್ರ ಸಡಿಲವಾದೀತು, ಅಷ್ಟೆ. ಹಬ್ಬಿನ ಬಳಿ ಬಿಟ್ಟರೆ, ತಿರುವಿನಲ್ಲಿ ಹೊಳೆಯುವ ಚಕ್ರ ಡ್ರೈವರನ ಕೈಯಲ್ಲಿರುತ್ತದೆ, ವ್ಯಾನು ತನ್ನ ದಾರಿ ತಾನು ಹಿಡಿಯುತ್ತದೆ. ಗಿರಾಕಿ ಹಣ ಕೊಡುವುದು ಹೊಳಪಿಗೆ. ಆದರೆ ಅವನು ಮೇಸ್ತ್ರಿಯ ಬಳಿ ಬಿಟ್ಟುಹೋಗುವುದು ನಂಬಿಕೆಯನ್ನು. ಇಂಥದ್ದನ್ನು ಉರ್ದುವಿನಲ್ಲಿ ಅಮಾನತ್ ಎನ್ನುತ್ತೇವೆ. ಕಾಣದ ಜಾಗದಲ್ಲೂ ಅಷ್ಟೇ ಶ್ರದ್ಧೆಯಿಂದ ಬೆಸೆದರೆ ಅದು ಶೌಕ್. ಕಾಣುವಷ್ಟಕ್ಕೆ ಮಾತ್ರ ಶ್ರದ್ಧೆ ನಿಂತರೆ ಅದು ಶೋಕಿ. ಗೆರೆಯನ್ನು ಇಲ್ಲಿಯೇ ಎಳೆದು ಮಾತು ಮುಗಿಸಬಹುದಿತ್ತು.

ಆದರೆ ವಿಷಯ ಅಷ್ಟಕ್ಕೆ ಮುಗಿಯುವುದಿಲ್ಲ. ಬೆಸುಗೆ ಎಷ್ಟೇ ಉತ್ತಮವಾಗಿರಲಿ, ಲೆಕ್ಕ ಬದಲಾಗುವುದಿಲ್ಲ. ಹದಿನಾರು ಇಂಚಿನ ಸ್ಟೇರಿಂಗ್ ತೆಗೆದು ಹತ್ತು ಇಂಚಿನದು ಹಾಕಿದರೆ, ಅಷ್ಟೇ ತಿರುವಿಗೆ ತೋಳಿನ ಬಲ 1.6 ಪಟ್ಟು ಬೇಕು. ಮಗು ಅಡ್ಡ ಬಂದ ಗಳಿಗೆಯಲ್ಲಿ ಆ ಹೆಚ್ಚುವರಿ ಬಲ ಎಲ್ಲಿಂದ ಬರಬೇಕು? ಇನ್ನೊಂದು ಸಂಗತಿ, ಅಪಘಾತದಲ್ಲಿ ಡ್ರೈವರನ ಎದೆ ಮೊದಲು ಬಡಿಯುವುದು ಸ್ಟೇರಿಂಗಿಗೆ. ಈಟಿಯಂತೆ ಎದೆಗೆ ನುಗ್ಗುತ್ತಿದ್ದ ಹಳೆಯ ಸ್ಟೇರಿಂಗ್ ಕಂಬದ ಬದಲು, ಪೆಟ್ಟಿಗೆ ಕುಸಿದು ಬಲ ಹೀರಿಕೊಳ್ಳುವ ಕಂಬವನ್ನು ಜನರಲ್ ಮೋಟಾರ್ಸ್ 1967ರ ಮಾದರಿಗಳಲ್ಲಿ ತಂದಿತು. 1968ರ ಜನವರಿ 1ರಿಂದ ಅಮೆರಿಕದ ಸರಕಾರ ಪ್ರಯಾಣಿಕ ಕಾರುಗಳಿಗೆ ಇಂಥ ರಕ್ಷಣೆಯನ್ನು ಕಡ್ಡಾಯ ಮಾಡಿತು. ಈಗಿನ ಸ್ಟೇರಿಂಗಿನ ನಡುವೆ ಏರ್‌ಬ್ಯಾಗೂ ಇರುತ್ತದೆ. ಬಗ್ಗಬೇಕಾದಲ್ಲಿ ಬಗ್ಗುವ ವಸ್ತುವನ್ನು ಕಿತ್ತು ಬಗ್ಗದ ಕಬ್ಬಿಣ ಕೂರಿಸಿದರೆ, ಮೇಸ್ತ್ರಿಯ ಪ್ರಾಮಾಣಿಕತೆಯೇ ಎದೆಗೆ ಎರವಾಗುತ್ತದೆ. ಬೆಸುಗೆ ಗಟ್ಟಿಯಾದಷ್ಟೂ ಪೆಟ್ಟು ಗಟ್ಟಿ. ಎಂಜಿನ್ ಸೀಟುಗಳ ನಡುವೆ ಇದ್ದು, ಮುಂದೆ ಬಾನೆಟ್ಟೇ ಇಲ್ಲದ ಆ ಹಳೆಯ ವ್ಯಾನುಗಳಲ್ಲಂತೂ ಡ್ರೈವರನಿಗೂ ಎದುರಿನ ಗೋಡೆಗೂ ನಡುವೆ ಇದ್ದದ್ದೇ ಸ್ವಲ್ಪ ತಗಡು.

ಇದನ್ನೆಲ್ಲ ಕಾನೂನು ನೋಡಿಕೊಳ್ಳಲಿ ಎನ್ನಬಹುದು. ಆದರೆ ಕಾನೂನಿನ ತಕ್ಕಡಿ ಯಾವಾಗಲೂ ನೆಟ್ಟಗಿರುವುದಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯ 1950ರ ದಶಕದ ಕೊನೆಯಲ್ಲಿ ಕಾರನ್ನು ಚಕ್ರದ ರಿಮ್ಮಿಗಿಂತ ಕೆಳಗೆ ತಗ್ಗಿಸುವುದನ್ನು ನಿಷೇಧಿಸಿತು. ಆಮೇಲೆ ಅಲ್ಲಿಯ ಎಷ್ಟೋ ನಗರಗಳು ಮೆಲ್ಲಗೆ ಮೆರವಣಿಗೆ ಹೋಗುವುದನ್ನೇ ಅಪರಾಧ ಮಾಡಿದವು. ಈ ನಿಯಮಗಳ ಏಟು ಬಿದ್ದದ್ದು ಹೆಚ್ಚಾಗಿ ಒಂದು ಸಮುದಾಯದ ಹುಡುಗರ ಮೇಲೆ. 2023ರಲ್ಲಿ ಹೊಸ ಕಾನೂನು ತಂದು, 2024ರಿಂದ ಆ ನಿರ್ಬಂಧಗಳನ್ನು ತೆಗೆದುಹಾಕಬೇಕಾಯಿತು. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿ ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಒಂದೊಂದು ಮಾರ್ಪಾಡಿಗೆ ಐದು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ ಇಟ್ಟಿತು. ದಂಡದ ಭಯಕ್ಕೆ ಬಿಟ್ಟವನು ತಪಾಸಣೆ ಇಲ್ಲದ ರಸ್ತೆಯಲ್ಲಿ ಮತ್ತೆ ಹಾಕಿಕೊಳ್ಳುತ್ತಾನೆ. ಆದ್ದರಿಂದ ನಮಗೆ ನಮ್ಮದೇ ಆದ ಒಂದು ಅಳತೆಗೋಲು ಬೇಕು.

ನನಗೆ ತೋಚುವ ಅಳತೆಗೋಲು ಇದು: ಈ ವಾಹನದಲ್ಲಿ ನನ್ನೊಬ್ಬನದೇ ಆದ ಭಾಗ ಯಾವುದು? ಬಣ್ಣ ನನ್ನದು. ಸೀಟಿನ ಕವರು, ಪರದೆ, ಒಳಗಿನ ಹಾಡು ನನ್ನದು. ಅದು ಯಾರಿಗೆ ಹಿಡಿಸದಿದ್ದರೂ ಯಾರ ಪ್ರಾಣಕ್ಕೂ ತೊಂದರೆಯಿಲ್ಲ. ಆದರೆ ಸ್ಟೇರಿಂಗ್, ಬ್ರೇಕು, ಟೈರು ನಾನು ದುಡ್ಡು ಕೊಟ್ಟು ಕೊಂಡಿದ್ದರೂ ನನ್ನೊಬ್ಬನವಲ್ಲ. ಹಿಂದೆ ಕೂತವರದು, ಎದುರಿನಿಂದ ಸೈಕಲ್ ತುಳಿದು ಬರುವವನದು, ರಸ್ತೆ ದಾಟುವ ಮುದುಕಿಯದು ಅದರಲ್ಲಿ ಪಾಲಿದೆ. ನಮ್ಮ ಊರುಗಳಲ್ಲಿ ಮಾರುತಿ ಓಮ್ನಿ ವ್ಯಾನಿನಲ್ಲಿ ಮಕ್ಕಳನ್ನು ತುಂಬಿಕೊಂಡು ಶಾಲೆಗೆ ಬಿಡುವುದನ್ನು ನೋಡಿದವರಿಗೆ ಈ ಪಾಲುಗಾರರು ಎಷ್ಟು ಚಿಕ್ಕವರೆಂದು ಬಿಡಿಸಿ ಹೇಳಬೇಕಿಲ್ಲ. ಆ ಮಕ್ಕಳು ನಮ್ಮ ಶೌಕಿಗೆ ಒಪ್ಪಿಗೆ ಕೊಟ್ಟವರಲ್ಲ. ತನ್ನ ಎದೆಯನ್ನು ಪಣಕ್ಕಿಡುವ ಹಕ್ಕು ಒಬ್ಬನಿಗಿದೆಯೇ ಎಂದು ವಾದ ಮಾಡಬಹುದು. ಇನ್ನೊಬ್ಬರ ಮಗುವನ್ನು ಪಣಕ್ಕಿಡುವ ಹಕ್ಕು ಯಾರಿಗೂ ಇಲ್ಲ ಎಂಬುದರಲ್ಲಿ ವಾದವಿಲ್ಲ.

ಹಾಗೆಂದು ಸರಪಳಿ ಬೆಸೆಯುವ ಕೈ ಸುಮ್ಮನಾಗಬೇಕಿಲ್ಲ. ಮೂವತ್ತು ಕೊಂಡಿಗಳನ್ನು ಸಮವಾಗಿ ದುಂಡಗೆ ಕೂಡಿಸುವುದು ಸಣ್ಣ ಕಸುಬಲ್ಲ. ಪ್ರದರ್ಶನಕ್ಕೆ ನಿಂತ ವ್ಯಾನಿಗೆ ಅದನ್ನು ಹಾಕಲಿ, ರಸ್ತೆಗಿಳಿಯುವ ಮುನ್ನ ಕಂಪನಿಯ ಸ್ಟೇರಿಂಗ್ ಮತ್ತೆ ಕೂರಿಸುವುದು ಮೇಸ್ತ್ರಿಗೆ ದೊಡ್ಡ ಕೆಲಸವೇನಲ್ಲ. ಅದೇ ಸರಪಳಿ ಟೀಪಾಯಿಯ ಕಾಲಾಗಬಹುದು, ಅಂಗಡಿ ಬೋರ್ಡಿನ ಚೌಕಟ್ಟಾಗಬಹುದು. 'ರಸ್ತೆಗಿಳಿಯುವ ಗಾಡಿಗೆ ನಾನಿದನ್ನು ಮಾಡಿಕೊಡುವುದಿಲ್ಲ, ಬೇರೆ ಏನಾದರೂ ಮಾಡಿಕೊಡುತ್ತೇನೆ ಭಾಯ್' ಎಂದು ಗಿರಾಕಿಗೆ ಹೇಳಿ ಮುಂಗಡ ವಾಪಸು ಕೊಡುವ ವೆಲ್ಡಿಂಗ್ ಮೇಸ್ತ್ರಿ ಆ ದಿನ ನಾಲ್ಕು ಕಾಸು ಕಳೆದುಕೊಳ್ಳುತ್ತಾನೆ. ಅವನನ್ನೇ ನಾನು ಶೌಕೀನ್ ಎಂದು ಕರೆಯುತ್ತೇನೆ.